ತಾಯಿಯ ದುಡಿಮೆ, ಮಗನ ಮೊಬೈಲು

ಪೆರಾಬೆಯಂತಹ ಊರುಗಳಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರಿದ್ದಾರೆ. ಅವರ ಭವಿಷ್ಯನಿಧಿಯ ಬಾಗಿಲು ಇಂದು ತೆರೆಯುವುದು ಆಧಾರ್, ಯುಎಎನ್ ಮತ್ತು ಮೊಬೈಲಿಗೆ ಬರುವ ಒಟಿಪಿಯಿಂದ. ಮಗನೋ ಸೈಬರ್ ಅಂಗಡಿಯವನೋ ಹೇಳದ ಹೊರತು ಖಾತೆಯಲ್ಲಿ ಎಷ್ಟಿದೆಯೆಂಬುದು ದುಡಿದವಳಿಗೇ ತಿಳಿಯದು. ಇದು ಬರೇ ಅಜ್ಞಾನವಲ್ಲ, ಪರಾವಲಂಬನೆ.

2017ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವು ಮನೆಗೊಬ್ಬರಂತೆ 20 ಗಂಟೆಗಳ ತರಬೇತಿಯನ್ನು ಗುರಿಯಾಗಿಸಿಕೊಂಡು, 2024ರ ಮಾರ್ಚ್‌ನಲ್ಲಿ ಮುಗಿಯಿತು. ಮನೆಗೊಬ್ಬರು ಎಂದಾಗ ತಾಯಿಯ ಹೆಸರು ಬರೆಸಿದವರು ನಮ್ಮಲ್ಲೆಷ್ಟು ಮಂದಿ?

ಸರಕಾರವನ್ನು ಪ್ರಶ್ನಿಸೋಣ, ನಮ್ಮನ್ನೂ ಪ್ರಶ್ನಿಸಿಕೊಳ್ಳೋಣ. ಮದ್ರಸ ಬಿಟ್ಟ ಬಳಿಕ ಅದರ ಕೋಣೆಗಳು ಖಾಲಿಯಿರುತ್ತವೆ. ಕಾಲೇಜು ಕಲಿತ ಹೆಣ್ಣುಮಕ್ಕಳು ಮನೆಗಳಲ್ಲಿದ್ದಾರೆ. ಜಮಾಅತ್‌ಗಳು ಇವೆರಡನ್ನು ಜೋಡಿಸಿದರೆ ಸಾಕು. ಬೀಡಿ ಸುತ್ತುವ ಬೆರಳುಗಳಿಗೆ ತಮ್ಮ ಲೆಕ್ಕ ತಾವೇ ನೋಡುವುದು ಕಷ್ಟವೇನಲ್ಲ.