ಎಷ್ಟಕ್ಕೆ ಕೊಡ್ತೀಯಾ?

ಮೊನ್ನೆ ಆಫೀಸಿನ ವಿಡಿಯೋ ಮೀಟಿಂಗಿನಲ್ಲಿ ನನ್ನ ಕುರ್ಚಿಯ ಹಿಂದೆ ಹಾಸಿದ್ದ ಕೌದಿ ಎಲ್ಲರ ಕಣ್ಣಿಗೆ ಬಿತ್ತು. ಮೀಟಿಂಗ್ ಮುಗಿಯುವಷ್ಟರಲ್ಲಿ ಮೂವರ ಮೆಸೇಜು. ಎಲ್ಲಿ ತಗೊಂಡೆ ಅಂತ. ನಾನೇ ಹೊಲಿದಿದ್ದು, ಇನ್ನೂ ಮೂವರು ಗೆಳತಿಯರ ಜೊತೆ ಅಂದೆ. ಮೂವರಿಂದಲೂ ಹೆಚ್ಚುಕಮ್ಮಿ ಅದೇ ಉತ್ತರ ಬಂತು: ‘ಸೂಪರ್! ಎಷ್ಟಕ್ಕೆ ಕೊಡ್ತೀಯಾ?’

ಹೊಗಳಬೇಕು ಅಂತಲೇ ಕೇಳಿದ್ದು, ಗೊತ್ತು. ಮೊದಮೊದಲು ನಾನೂ ಉಬ್ಬಿಹೋಗುತ್ತಿದ್ದೆ. ಈಗ ಮೈ ಉರಿಯುತ್ತದೆ. ಯಾಕೆ ಅಂತ ಇವತ್ತು ಹೇಳಿಬಿಡುತ್ತೇನೆ.

ನಮ್ಮ ವಯಸ್ಸಿನವರಿಗೆ ಒಂದು ಕಾಯಿಲೆ ಅಂಟಿದೆ. ಯಾರಾದರೂ ಒಳ್ಳೆ ಕೇಕ್ ಮಾಡಿದರೆ ‘ಆರ್ಡರ್ ತಗೊಳ್ಳೋಕೆ ಶುರು ಮಾಡು’ ಅನ್ನುತ್ತೇವೆ. ಫೋಟೋ ಚೆನ್ನಾಗಿ ತೆಗೆದರೆ ‘ಪೇಜ್ ಮಾಡು’. ಎರಡು ಸಾಲು ಹಾಡಿದರೆ ‘ಚಾನೆಲ್ ಯಾಕಿಲ್ಲ?’ ಕೈ ಕೆಸರಾದರೆ ಬಾಯಿ ಮೊಸರು ಅಂತ ಹಿರಿಯರು ಹೇಳಿದ್ದು ದುಡಿಮೆಯ ಬಗ್ಗೆ. ನಾವು ಅದನ್ನು ಆಟಕ್ಕೂ ತಂದು ಹಾಕಿದ್ದೇವೆ. ಕೆಸರಲ್ಲಿ ಆಡೋದೇ ಖುಷಿ ಅಂದರೆ ನಂಬುವವರಿಲ್ಲ.

ನಮ್ಮ ಗುಂಪಿನ ಕತೆ ಕೇಳಿ. ನನ್ನದು ಕೆ.ಆರ್. ಪೇಟೆ, ಕೆಲಸ ಬೆಂಗಳೂರಿನಲ್ಲಿ. ತಿಂಗಳಿಗೆ ಎರಡು ಶನಿವಾರ ರಾತ್ರಿ ಊರಿಗೆ ಹೋಗುತ್ತೇನೆ. ಭಾನುವಾರ ಬೆಳಗ್ಗೆ ಚಿನಕುರಳಿ ಮೇಲೆ ಹೋಗುವ ಬಸ್ಸು ಹಿಡಿದು ಪಾಂಡವಪುರ. ಅಲ್ಲಿ ನಿವೃತ್ತ ಟೀಚರಮ್ಮನ ಮನೆ. ಶ್ರೀರಂಗಪಟ್ಟಣದಿಂದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಅಕ್ಕ ಬರುತ್ತಾಳೆ. ಅವಳನ್ನು ನಾವು ‘ಪಟ್ಟಣದ ಅಕ್ಕ’ ಅನ್ನೋದು. ನಾಗಮಂಗಲದಿಂದ ಜಕ್ಕನಹಳ್ಳಿ ಮೇಲೆ ಇನ್ನೊಬ್ಬರು ಬರುತ್ತಾರೆ, ಪಾತ್ರೆ ಅಂಗಡಿಯವರ ಮನೆಯ ಸೊಸೆ. ಅವರು ನನಗೆ ‘ಆಂಟಿ’. ನಾಲ್ಕು ತಾಲ್ಲೂಕು, ನಾಲ್ಕು ಹೆಂಗಸರು, ಒಂದು ಹಜಾರ. ಮಧ್ಯಾಹ್ನ ಮುದ್ದೆ ಉಪ್ಸಾರು. ಸಂಜೆ ನಾನು ಪಾಂಡವಪುರ ಸ್ಟೇಷನ್ನಿನಲ್ಲಿ ಬೆಂಗಳೂರಿನ ರೈಲು ಹತ್ತುತ್ತೇನೆ.

ಕೌದಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ಹಳೇ ಹತ್ತಿ ಸೀರೆ ಅಡಿಗೆ, ಹರಿದ ಪಂಚೆ ಟವೆಲ್ಲು ನಡುವೆ, ಮೇಲೆ ಬಣ್ಣಬಣ್ಣದ ತುಂಡು. ನಮ್ಮಜ್ಜಿ ಬೊಂತೆ ಅನ್ನೋರು. ನಾಲ್ಕು ಮೂಲೆಗೂ ಭಾರ ಇಟ್ಟು, ಸುಕ್ಕು ಬರದಂತೆ ಎಳೆದು, ಮೊದಲು ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಬೇಕು. ಆಮೇಲೆ ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರೋದು, ಬೆರಳಗಲ ಬಿಟ್ಟು ಬೆರಳಗಲ. ಪಾಲಿಯೆಸ್ಟರ್ ಸೀರೆ ಬೇಡ, ಜಾರುತ್ತದೆ. ವರ್ಷಗಟ್ಟಲೆ ಒಗೆದು ಮೆತ್ತಗಾದ ಹತ್ತಿಯೇ ಆಗಬೇಕು. ಅದರಲ್ಲಿ ಸೂಜಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ.

ನಮ್ಮ ಮೊದಲ ಕೌದಿಯಲ್ಲಿ ಟೀಚರಮ್ಮ ಸ್ಕೂಲಿಗೆ ಉಡುತ್ತಿದ್ದ ಸೀರೆಗಳಿವೆ. ಆಂಟಿಯ ಅತ್ತೆಯ ಸೀರೆಯ ಸೆರಗಿದೆ. ಅಕ್ಕನ ತಮ್ಮನ ಶಾಲೆ ಅಂಗಿ ಇದೆ. ಒಂದು ಮೂಲೆಯಲ್ಲಿ ನಮ್ಮಮ್ಮನ ಮದುವೆಯ ಕೊಡಿಯಾಲದ ಸೀರೆಯಿಂದ ಉಳಿದ ಅಂಗೈಯಗಲದ ರೇಷ್ಮೆ. ನಾಲ್ಕು ಮನೆ ಅಂದರೆ ನಾಲ್ಕು ಜಾತಿಯೂ ಹೌದು. ನಮ್ಮ ಕಡೆಯ ಹಳ್ಳಿಗಳನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರ ಮನೆಯಲ್ಲಿ ನೀರು ಕುಡಿಯಲು ಹಿಂದೆ ಮುಂದೆ ನೋಡುವವರ ಮೊಮ್ಮಕ್ಕಳು ನಾವು. ಈಗ ಒಬ್ಬರು ಉಟ್ಟು ಬಿಟ್ಟ ಸೀರೆಯನ್ನು ಇನ್ನೊಬ್ಬರು ತೊಡೆ ಮೇಲೆ ಹರಡಿಕೊಂಡು ಹೊಲಿಯುತ್ತೇವೆ. ಇದಕ್ಕಾಗಿ ಯಾರೂ ಭಾಷಣ ಮಾಡಲಿಲ್ಲ. ಬಟ್ಟೆ ಸಾಲದೆ ಬಂತು, ತಂದೆವು, ಅಷ್ಟೆ.

ಬೆಂಗಳೂರಿನಲ್ಲಿ ನನಗೆ ಗೆಳೆಯರಿಲ್ಲ ಅಂತಲ್ಲ. ಆದರೆ ಲೆಕ್ಕ ಹಾಕಿ ನೋಡಿದೆ. ಎಲ್ಲರೂ ನನ್ನ ಓದಿನವರು, ನನ್ನ ಸಂಬಳದವರು, ಐದಾರು ವರ್ಷ ಆಚೀಚೆ ನನ್ನ ವಯಸ್ಸಿನವರು. ಸೇರಿದಾಗ ಮಾತಾಡೋದು ಮ್ಯಾನೇಜರ್ ಬಗ್ಗೆ, ಬಾಡಿಗೆ ಬಗ್ಗೆ. ಪಾಂಡವಪುರದ ಹಜಾರದಲ್ಲಿ ಮಾತು ಬೇರೆ ಥರ ಬರುತ್ತದೆ. ಕಣ್ಣು ಸೂಜಿ ಮೇಲಿರುವಾಗ ಎದುರಿನವರ ಮುಖ ನೋಡಬೇಕಾಗಿಲ್ಲ. ಗಂಡ ತೀರಿಕೊಂಡ ರಾತ್ರಿಯ ಬಗ್ಗೆ ಟೀಚರಮ್ಮ ಮೊದಲ ಸಲ ಬಾಯಿ ಬಿಟ್ಟಿದ್ದು ಹೀಗೇ, ದಾರ ಪೋಣಿಸುತ್ತಾ. ನನ್ನ ಮದುವೆ ಮುರಿದ ಕತೆ ನಾನು ಹೇಳಿದ್ದೂ ಹಾಗೇ. ಯಾರೂ ಉಪದೇಶ ಮಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಕ್ಕ, ‘ನಿನ್ ದಾರ ಮುಗೀತು ನೋಡು’ ಅಂದಳು. ಅದಕ್ಕಿಂತ ಒಳ್ಳೆಯ ಸಮಾಧಾನ ನನಗೆ ಯಾರೂ ಹೇಳಿರಲಿಲ್ಲ.

ಇಂಥದ್ದನ್ನು ನಾನೇ ಕೈಯಾರೆ ಕೆಡಿಸಲು ಹೊರಟಿದ್ದೆ. ಕಳೆದ ದೀಪಾವಳಿ ಹೊತ್ತಿಗೆ ಆಫೀಸಿನವರೊಬ್ಬರು ಆರು ಕೌದಿ ಕೇಳಿದರು. ಒಂದಕ್ಕೆ 3,500 ರೂಪಾಯಿ, ಸಂಕ್ರಾಂತಿಯೊಳಗೆ ಬೇಕು. ನಾನು ಹಿಗ್ಗಿ ಮುಂಗಡ ತಗೊಂಡೆ. ಯಾರನ್ನೂ ಕೇಳಲಿಲ್ಲ. ಒಳ್ಳೇದೇ ಮಾಡ್ತಿದ್ದೀನಿ ಅಂತ ನನ್ನ ನಂಬಿಕೆ. ಲ್ಯಾಪ್‌ಟಾಪಿನಲ್ಲಿ ಒಂದು ಶೀಟ್ ಮಾಡಿದೆ: ಯಾರು ಎಷ್ಟು ಗಂಟೆ, ಎಷ್ಟು ಸಾಲು. ಗುಂಪಿಗೆ ಹೆಸರು ಇಡೋಣ ಅಂದೆ, ಲೋಗೋ ಕೂಡ ಮಾಡಿಸಿದೆ.

ಎರಡನೇ ಭಾನುವಾರಕ್ಕೇ ಹಜಾರ ತಣ್ಣಗಾಯಿತು. ಆಂಟಿಯ ಹೊಲಿಗೆ ಅಗಲ ಅಂತ ನಾನು ತಕರಾರು ತೆಗೆದೆ. ಟೀಚರಮ್ಮನಿಗೆ ಕಣ್ಣು ಮಂಜು, ನಿಧಾನ. ಅವರ ಗಂಟೆಯನ್ನು ಎಲ್ಲರ ಗಂಟೆಗೆ ಸಮ ಹಿಡಿಯೋದು ಹೇಗೆ ಅಂತ ಒಂದು ಕ್ಷಣ ಯೋಚಿಸಿದೆ. ಹೌದು, ಯೋಚಿಸಿದೆ. ಬರೆಯಲು ನಾಚಿಕೆಯಾಗುತ್ತದೆ. ಊಟದ ಹೊತ್ತಿಗೆ ಅಕ್ಕ ಸೂಜಿ ಚುಚ್ಚಿಟ್ಟು ಹೇಳಿದಳು: ‘ಫ್ಯಾಕ್ಟ್ರೀಲಿ ಸೂಪರ್‌ವೈಸರ್ ಗಂಟೆ ಗಂಟೆಗೂ ಬಂದು ಪೀಸ್ ಎಣಿಸ್ತಾನೆ ಕಣಮ್ಮಿ. ಇಲ್ಲಿ ಎಣ್ಸೋರು ಯಾರೂ ಇಲ್ಲ ಅಂತ ನಾನು ಬರ್ತಿದ್ದೆ. ಈಗ ನೀನು ಎಣಿಸ್ತಿದ್ದೀಯ. ಅಲ್ಲಾದ್ರೆ ಪಿಎಫ್ ಆದ್ರೂ ಕಟ್ತಾರೆ.’

ಆ ರಾತ್ರಿ ರೈಲಿನಲ್ಲಿ ಶೀಟ್ ತೆಗೆದು ನೋಡಿದೆ. ಮೊದಲ ಕೌದಿಗೆ ನಾಲ್ವರು, ಏಳು ಭಾನುವಾರ, ದಿನಕ್ಕೆ ನಾಲ್ಕು ಗಂಟೆ ಕೂತಿದ್ದೆವು. ಒಟ್ಟು 112 ಗಂಟೆ. 3,500ನ್ನು ಭಾಗಿಸಿದರೆ ಗಂಟೆಗೆ 31 ರೂಪಾಯಿ. ನಾನು ಗೆಳತಿಯರ ಭಾನುವಾರವನ್ನು ಗಂಟೆಗೆ 31 ರೂಪಾಯಿಯಂತೆ ಮಾರಿದ್ದೆ, ಅದೂ ಅವರನ್ನು ಕೇಳದೆ. ಮುಂಗಡ ವಾಪಸ್ ಕೊಟ್ಟೆ. ಲೋಗೋ ಅಳಿಸಿದೆ.

ಈಗ ನೀವು ಕೇಳಬಹುದಾದ ಪ್ರಶ್ನೆ ನನಗೆ ಗೊತ್ತು. ‘ನಿನಗೆ ತಿಂಗಳಾದರೆ ಸಂಬಳ ಬೀಳುತ್ತೆ, ಹವ್ಯಾಸ ಪವಿತ್ರ ಅಂತ ಭಾಷಣ ಮಾಡ್ತೀಯ. ದುಡ್ಡು ಬೇಕಾದವರ ಗತಿ?’ ನ್ಯಾಯವಾದ ಪ್ರಶ್ನೆ. ನಮ್ಮಜ್ಜಿ ಬೊಂತೆ ಹೊಲಿದಿದ್ದು ಹವ್ಯಾಸಕ್ಕಲ್ಲ. ಚಳಿಗಾಲಕ್ಕೆ ಹೊದಿಯಲು ಬೇರೆ ಇರಲಿಲ್ಲ, ಅದಕ್ಕೆ. ನಮ್ಮ ಜಿಲ್ಲೆಯಲ್ಲಿ ಹೊಲಿಗೆ ಇವತ್ತಿಗೂ ಸಾವಿರಾರು ಹೆಣ್ಣುಮಕ್ಕಳ ಅನ್ನ. 2020ರ ಜೂನ್‌ನಲ್ಲಿ, ಲಾಕ್‌ಡೌನಿನ ಬೆನ್ನಿಗೆ, ಶ್ರೀರಂಗಪಟ್ಟಣದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಸುಮಾರು 1,200 ಮಂದಿಗೆ ಕೆಲಸ ಇಲ್ಲ ಅಂದುಬಿಟ್ಟರು. ಹೆಚ್ಚಿನವರು ಹೆಂಗಸರು. ವಾರಗಟ್ಟಲೆ ಕಾರ್ಖಾನೆ ಮುಂದೆ ಧರಣಿ ಕೂತರು. ನಮ್ಮ ಅಕ್ಕ ಆ ಕಾರ್ಖಾನೆಯವಳಲ್ಲ, ಆದರೆ ಅಲ್ಲಿ ಕೂತವರಲ್ಲಿ ಅವಳ ಬೀದಿಯವರಿದ್ದರು. ದುಡಿಮೆ ಅಂದರೇನು ಅಂತ ಅವಳಿಗೆ ನಾನು ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಅವಳು ಭಾನುವಾರವನ್ನು ದುಡಿಮೆಯಿಂದ ಅಷ್ಟು ಜೋಪಾನವಾಗಿ ಕಾಯುತ್ತಿದ್ದದ್ದು.

ನಮ್ಮಲ್ಲೂ ದುಡ್ಡಿನ ಅಗತ್ಯ ಇದ್ದವರು ಒಬ್ಬರಿದ್ದರು. ಆಂಟಿ. ಮಗಳ ಕಾಲೇಜು ಫೀಸು. ನಾನು ಮುಂಗಡ ವಾಪಸ್ ಮಾಡಿದ್ದು ಅವರಿಗೆ ಹೊಡೆತವೇ ಆಯಿತು. ಇದೂ ನಾನು ಕೇಳದೆ ಮಾಡಿದ ತಪ್ಪು. ಕೂತು ಮಾತಾಡಿ ಒಂದು ದಾರಿ ಮಾಡಿಕೊಂಡೆವು. ಸೋಮವಾರದಿಂದ ಶನಿವಾರ ಆಂಟಿ ತಮ್ಮ ಮನೆಯಲ್ಲಿ ಆರ್ಡರ್ ಹೊಲಿಯುತ್ತಾರೆ. ಬೆಲೆ ಅವರೇ ಹೇಳುತ್ತಾರೆ, ಗಂಟೆ ಲೆಕ್ಕದಲ್ಲಿ, ಕೂಲಿ ಕೂಲಿಯಂತೆಯೇ. 3,500ಕ್ಕೆ ಕೇಳಿದವರಿಗೆ ‘ಆಗಲ್ಲ’ ಅನ್ನುತ್ತಾರೆ. ಭಾನುವಾರ ಹೊಲಿದದ್ದು ಮಾತ್ರ ಮಾರಾಟಕ್ಕಿಲ್ಲ. ಅದು ನಾಲ್ಕು ಮನೆಗಳಲ್ಲಿ ಯಾವುದಕ್ಕೆ ಮೊದಲು ಬೇಕೋ ಅಲ್ಲಿಗೆ ಹೋಗುತ್ತದೆ.

ನನ್ನ ಜಗಳ ದುಡ್ಡಿನ ಜೊತೆಗಲ್ಲ. ದುಡ್ಡಿನ ಮಾತನ್ನು ನಾವು ತಪ್ಪು ಜಾಗದಲ್ಲಿ ಆಡುತ್ತೇವಲ್ಲ, ಅದರ ಜೊತೆ. ಖುಷಿಗೆ ಹೊಲಿಯುವವಳನ್ನು ರೇಟ್ ಕೇಳುತ್ತೇವೆ. ಹೊಟ್ಟೆಪಾಡಿಗೆ ಹೊಲಿಯುವವಳು ರೇಟ್ ಹೇಳಿದರೆ ಚೌಕಾಸಿ ಮಾಡುತ್ತೇವೆ. ಊರೂರು ತಿರುಗಿ, ಮನೆ ಜಗಲಿ ಮೇಲೆ ಕೂತು ಕೌದಿ ಹೊಲಿದು ಕೊಡುವ ಹೆಂಗಸರನ್ನು ನೀವೂ ಕಂಡಿರಬಹುದು. ಸೀರೆ ನಮ್ಮದೇ ಅಲ್ಲವೇ, ಬರೀ ಹೊಲಿಗೆಗೆ ಇಷ್ಟಾ ಅಂತ ಅವರ ಹತ್ತಿರ ನೂರು ರೂಪಾಯಿಗೆ ಎಳೆದಾಡುವ ಮನೆಯಲ್ಲೇ ನಾನೂ ಬೆಳೆದದ್ದು. ಅದೇ ನಾವು ಮಾಲ್‌ನಲ್ಲಿ ಮೆಷಿನ್ ಹೊಲಿದ ‘ಹ್ಯಾಂಡ್‌ಮೇಡ್ ಸ್ಟೈಲ್’ ಹೊದಿಕೆಗೆ ಚೀಟಿಯಲ್ಲಿದ್ದಷ್ಟು ಕೊಟ್ಟು ಬರುತ್ತೇವೆ.

ಕೌದಿ ಮಾರಬಾರದು ಅಂತ ನಾನು ಹೇಳುತ್ತಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿ 2011ರಲ್ಲಿ ನ್ಯೂಯಾರ್ಕಿನ ಪ್ರದರ್ಶನದವರೆಗೂ ಹೋಯಿತು. ಮನೆಯವರಿಗೆ ಅಂತ ಹೊಲಿದದ್ದಕ್ಕೆ ಹೊರಗೂ ಬೆಲೆ ಸಿಕ್ಕಿತು, ಸಿಗಲೇಬೇಕು. ಅಮೆರಿಕದ ಅಲಬಾಮದಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಿದ್ದಕ್ಕೇ ಕೆಲಸ, ಮನೆ ಕಳೆದುಕೊಂಡ ಕಪ್ಪು ಜನರಿದ್ದರು. ಅಲ್ಲಿನ ಹೆಂಗಸರು 1966ರಲ್ಲಿ ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಅಂತ ಸಹಕಾರ ಸಂಘ ಕಟ್ಟಿ, ಕೌದಿಯಂಥ ಹೊದಿಕೆ ಮಾರಿ ಬದುಕಿದರು. ಅವರು ಮಾರಬೇಕು ಅಂತ ತಾವೇ ಕೂತು ತೀರ್ಮಾನ ಮಾಡಿದ್ದರು. ನನ್ನ ಹಾಗೆ ಒಬ್ಬಳು ಮೆಸೇಜು ನೋಡಿ ಹಿಗ್ಗಿ ಮುಂಗಡ ತಗೊಂಡಿರಲಿಲ್ಲ.

ಇನ್ನು ‘ಇಷ್ಟೆಲ್ಲಾ ಟೈಮ್ ವೇಸ್ಟ್ ಯಾಕೆ, ಆನ್‌ಲೈನಲ್ಲಿ ಸಿಗುತ್ತಲ್ಲ’ ಅನ್ನುವವರಿಗೆ ನನ್ನ ಹತ್ತಿರ ಉತ್ತರವಿಲ್ಲ. ಹೊದಿಕೆ ಸಿಗುತ್ತೆ, ನಿಜ. ಹಜಾರ ಸಿಗಲ್ಲ.

ಹೋದ ತಿಂಗಳು ಟೀಚರಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಎರಡು ಭಾನುವಾರ ಅವರು ಸೂಜಿ ಮುಟ್ಟುವಂತಿರಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ನಡುವೆ ಕೂತು, ಕೈಯಿಂದ ತಡವಿ ತಡವಿ ‘ಇದು ನನ್ನ ಮೊದಲ ಸಂಬಳದ ಸೀರೆ, ಇದು ಗೌರಿಹಬ್ಬಕ್ಕೆ ಅಣ್ಣ ಕೊಟ್ಟದ್ದು’ ಅಂತ ಹೇಳುತ್ತಿದ್ದರು. ಒಂದೂ ತಪ್ಪಲಿಲ್ಲ. ಆ ಎರಡು ದಿನ ಅವರು ಒಂದು ಹೊಲಿಗೆಯನ್ನೂ ಹಾಕಲಿಲ್ಲ. ನನ್ನ ಹಳೇ ಶೀಟಿನಲ್ಲಾದರೆ ಅವರ ಹೆಸರಿನ ಮುಂದೆ ಸೊನ್ನೆ ಬೀಳುತ್ತಿತ್ತು.

ಅದಕ್ಕೇ ಒಂದು ಕೋರಿಕೆ. ಮುಂದಿನ ಸಲ ಯಾರದಾದರೂ ಮನೆಯಲ್ಲಿ ಕೈಯಲ್ಲಿ ಹೊಲಿದ ಕೌದಿ ಕಂಡರೆ ಬೆಲೆ ಕೇಳಬೇಡಿ. ‘ಇದು ಯಾರ ಸೀರೆ?’ ಅಂತ ಕೇಳಿ. ಆಮೇಲೆ ಸ್ವಲ್ಪ ಹೊತ್ತು ಕೂರಲು ತಯಾರಾಗಿ, ಉತ್ತರ ಬೇಗ ಮುಗಿಯುವುದಿಲ್ಲ.