ಒಬ್ಬ ಮೇಷ್ಟ್ರು ಸಾಕಾಗಲ್ಲ ಕಣ್ರೀ

ಮೊನ್ನೆ ಶುಕ್ರವಾರ ಸಂಜೆ ನಮ್ಮ ಟೀಮಿನವರೆಲ್ಲ ಸೇರಿ ‘ಸ್ಟ್ಯಾಂಡ್ ಅಂಡ್ ಡೆಲಿವರ್’ ಸಿನಿಮಾ ನೋಡಿದೆವು. 1988ರದ್ದು. ಲಾಸ್ ಏಂಜಲೀಸಿನ ಬಡವರ ಕೇರಿಯ ಸರ್ಕಾರಿ ಶಾಲೆಗೆ ಒಬ್ಬ ಗಣಿತದ ಮೇಷ್ಟ್ರು ಬರುತ್ತಾರೆ. ಭಿನ್ನರಾಶಿಯೇ ಬಾರದ ಹುಡುಗರು ನೋಡನೋಡುತ್ತಿದ್ದಂತೆ ಕ್ಯಾಲ್ಕ್ಯುಲಸ್ ಪಾಸಾಗುತ್ತಾರೆ. ಮುಗಿದಾಗ ನಮ್ಮ ಹುಡುಗನೊಬ್ಬ ಕಣ್ಣೊರೆಸಿಕೊಂಡು, ‘ಒಬ್ಬ ಒಳ್ಳೇ ಮೇಷ್ಟ್ರಿದ್ರೆ ಸಾಕು ನೋಡ್ರಿ’ ಅಂದ. ನನಗೆ ಸಿಟ್ಟು ಬಂತು. ಸಾಕಾಗಲ್ಲ. ಆ ಮೇಷ್ಟ್ರ ನಿಜವಾದ ಕತೆಯೇ ಅದಕ್ಕೆ ಸಾಕ್ಷಿ.

ಅವರ ಹೆಸರು ಹೈಮೆ ಎಸ್ಕಲಾಂಟೆ. ಬೊಲಿವಿಯಾದಲ್ಲಿ ಪಾಠ ಮಾಡುತ್ತಿದ್ದವರು. ಅಮೆರಿಕಕ್ಕೆ ಬಂದು ನೆಲ ಒರೆಸಿದರು, ನಮ್ಮ ಹಾಗೇ ಕಂಪ್ಯೂಟರ್ ಕಂಪನಿಯಲ್ಲಿ ದುಡಿದರು, ರಾತ್ರಿ ಕಾಲೇಜಿನಲ್ಲಿ ಓದಿದರು. ಗಾರ್ಫೀಲ್ಡ್ ಹೈಸ್ಕೂಲಿಗೆ ಸೇರಿದ್ದು 1974ರಲ್ಲಿ. ಕ್ಯಾಲ್ಕ್ಯುಲಸ್ ಕ್ಲಾಸು ಶುರುವಾಗಿದ್ದು ನಾಲ್ಕು ವರ್ಷದ ಮೇಲೆ. ಆ ಮೊದಲ ಬ್ಯಾಚಿನಲ್ಲಿ ಕೊನೆವರೆಗೆ ಉಳಿದವರು ಐದೇ ಜನ. ಸಿನಿಮಾದಲ್ಲಿ ಎರಡು ಗಂಟೆಯಲ್ಲಿ ಆಗುವ ಪವಾಡಕ್ಕೆ ನಿಜದಲ್ಲಿ ಎಂಟು ವರ್ಷ ಹಿಡಿಯಿತು.

ಆ ಎಂಟು ವರ್ಷ ಅವರು ಬರೀ ಭಾಷಣ ಬಿಗಿಯುತ್ತಾ ಕೂತಿರಲಿಲ್ಲ. ಕ್ಯಾಲ್ಕ್ಯುಲಸ್‌ಗೆ ಹುಡುಗರು ಬರಬೇಕಾದರೆ ಕೆಳಗಿನ ತರಗತಿಯಲ್ಲಿ ಆಲ್ಜೀಬ್ರ ಗಟ್ಟಿಯಾಗಿರಬೇಕು. ಅದನ್ನು ಕಲಿಸೋಕೆ ಬೇರೆ ಮೇಷ್ಟ್ರುಗಳು ಬೇಕು. ಬೇಸಿಗೆ ರಜೆಯಲ್ಲೂ ಪಾಠ ನಡೆಯಬೇಕು. ಅದಕ್ಕೆ ಪಕ್ಕದ ಈಸ್ಟ್ ಲಾಸ್ ಏಂಜಲೀಸ್ ಕಾಲೇಜಿನ ಜತೆ ಏರ್ಪಾಡಾಯಿತು. ಇದಕ್ಕೆಲ್ಲ ಬೆನ್ನಿಗೆ ನಿಂತವರು ಪ್ರಿನ್ಸಿಪಾಲ್ ಹೆನ್ರಿ ಗ್ರಾಡಿಲಾಸ್. ಅವರ ಮೇಲೆ ಯಾರೂ ಸಿನಿಮಾ ಮಾಡಲಿಲ್ಲ. ಟೈಮ್‌ಟೇಬಲ್ ಹಾಕಿಕೊಡುವವನು ಹೀರೋ ಆಗೋದು ಎಲ್ಲಿಯಾದರೂ ಉಂಟಾ?

1982ರಲ್ಲಿ 18 ಮಕ್ಕಳು ಪರೀಕ್ಷೆ ಪಾಸು ಮಾಡಿದರು. 14 ಮಂದಿ ಕಾಪಿ ಹೊಡೆದಿದ್ದಾರೆ ಅಂತ ಪರೀಕ್ಷೆ ನಡೆಸಿದವರು ಅನುಮಾನಪಟ್ಟರು. 12 ಮಂದಿ ಮತ್ತೆ ಬರೆದರು. ಹನ್ನೆರಡೂ ಪಾಸು! ಸಿನಿಮಾ ಇಲ್ಲಿಗೆ ಮುಗಿಯುತ್ತದೆ. 1987ರ ಹೊತ್ತಿಗೆ ಪಾಸಾದವರ ಸಂಖ್ಯೆ 80 ದಾಟಿತ್ತು.

ಆಮೇಲೆ? ಗ್ರಾಡಿಲಾಸ್ ಹೋದರು. ಎಸ್ಕಲಾಂಟೆಯವರ ಕ್ಲಾಸಿನಲ್ಲಿ 50ಕ್ಕೂ ಹೆಚ್ಚು ಮಕ್ಕಳಿರುತ್ತಿದ್ದರು. ಶಿಕ್ಷಕರ ಒಪ್ಪಂದದ ಮಿತಿ 35. ಜಗಳ ಹತ್ತಿತು. ಸಂಘದವರನ್ನು ವಿಲನ್ ಮಾಡೋದು ಸುಲಭ. ಆದರೆ ಒಬ್ಬರ ಹಟದ ಮೇಲೆ, ನಿಯಮ ಮುರಿದುಕೊಂಡೇ ನಡೆಯೋ ವ್ಯವಸ್ಥೆ ಎಷ್ಟು ದಿನ ಬಾಳುತ್ತೆ ಹೇಳಿ? 1990ರಲ್ಲಿ ಸಹೋದ್ಯೋಗಿಗಳೇ ಅವರನ್ನು ವಿಭಾಗದ ಮುಖ್ಯಸ್ಥ ಸ್ಥಾನದಿಂದ ಇಳಿಸಿದರು. 1991ರಲ್ಲಿ ಅವರು ಶಾಲೆಯನ್ನೇ ಬಿಟ್ಟರು. ಕೆಲವೇ ವರ್ಷಗಳಲ್ಲಿ ಪಾಸಾಗುವವರ ಸಂಖ್ಯೆ ಪಾತಾಳಕ್ಕೆ ಇಳಿಯಿತು. ಮಕ್ಕಳು ಅದೇ ಕೇರಿಯವರು, ಅಷ್ಟೇ ಬುದ್ಧಿವಂತರು.

ನಮ್ಮ ಪ್ರಾಜೆಕ್ಟಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿರೋ ಕೋಡ್ ಇದ್ದರೆ ಮ್ಯಾನೇಜರಿಗೆ ನಿದ್ದೆ ಬರಲ್ಲ. ಆತ ರಜೆ ಹಾಕುವ ಮೊದಲೇ ಇನ್ನಿಬ್ಬರಿಗೆ ಕಲಿಸಿಡುತ್ತಾರೆ. ಶಾಲೆಯ ವಿಷಯ ಬಂದಾಗ ಮಾತ್ರ ಅದೇ ನಾವು ಒಬ್ಬನೇ ಹೀರೋಗೆ ಚಪ್ಪಾಳೆ ತಟ್ಟುತ್ತೇವೆ.

ನನಗೇಕೆ ಇಷ್ಟು ಉರಿ ಅಂದರೆ, ನಮ್ಮೂರ ಹೈಸ್ಕೂಲಿನಲ್ಲೂ ಅಂಥ ಮೇಷ್ಟ್ರಿದ್ದರು. ಬೆಳಿಗ್ಗೆ ಏಳಕ್ಕೇ ಬೀಜಗಣಿತ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಗಣೇಶನ ಹಬ್ಬ ಮುಗಿದ ವಾರ, ಅವರಿಗೆ ವರ್ಗವಾಯಿತು. ಬದಲಿಗೆ ಯಾರೂ ಬರಲಿಲ್ಲ. ಡ್ರಿಲ್ ಮೇಷ್ಟ್ರು ಗೈಡು ನೋಡಿ ಬೋರ್ಡಿನ ಮೇಲೆ ಬರೆದರು, ನಾವು ಕಾಪಿ ಮಾಡಿಕೊಂಡೆವು. ಪೇಟೆಯಲ್ಲಿ ನನಗೆ ಮಾವನ ಮನೆಯಿತ್ತು, ಟ್ಯೂಷನ್ನಿಗೆ ಹೋದೆ, ಬಿಇ ಆಯಿತು. ನನ್ನ ಪಕ್ಕ ಕೂರುತ್ತಿದ್ದವನಿಗೆ ಯಾವ ಮಾವನೂ ಇರಲಿಲ್ಲ. ಲೆಕ್ಕದಲ್ಲಿ ಅವನು ನನಗಿಂತ ಚುರುಕು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲೇ ಫೇಲಾದ.

ಬರೋ ಶನಿವಾರ ನಮ್ಮ ಕಂಪನಿಯವರು ಸರ್ಕಾರಿ ಶಾಲೆಯೊಂದರಲ್ಲಿ ಒಂದು ದಿನ ಗಣಿತ ಕಲಿಸೋಕೆ ಹೊರಟಿದ್ದಾರೆ. ಟೀ ಶರ್ಟ್ ಪ್ರಿಂಟಾಗಿದೆ. ಹೋಗೋಣ, ನಾನೂ ಬರ್ತೀನಿ. ಆದರೆ ಫೋಟೋ ತೆಗೆಸಿಕೊಳ್ಳುವ ಮೊದಲು ಹೆಡ್‌ಮೇಷ್ಟ್ರನ್ನು ಒಂದು ಮಾತು ಕೇಳೋಣ: ಬರೋ ಜೂನ್‌ನಲ್ಲಿ ನಿಮ್ಮ ಗಣಿತದ ಮೇಷ್ಟ್ರಿಗೆ ವರ್ಗವಾದರೆ, ಮಾರನೇ ದಿನ ಆ ಕ್ಲಾಸಿಗೆ ಹೋಗುವವರು ಯಾರು ಸಾರ್?