ಕೊಲೆಗಾರರ ಕ್ಯಾಮರಾ ಮತ್ತು ಐದಾಳ ಕಣ್ಣು

1995ರ ಜುಲೈ 12ರಂದು ಬೋಸ್ನಿಯಾದ ಪೊಟೊಚಾರಿಯಲ್ಲಿ ಸರ್ಬ್ ಸೇನೆಯ ಜನರಲ್ ರಾಟ್ಕೋ ಮ್ಲಾಡಿಚ್ ಮಕ್ಕಳಿಗೆ ಚಾಕಲೇಟು ಹಂಚಿದ. ಯಾರಿಗೂ ಅಪಾಯವಿಲ್ಲವೆಂದು ಭರವಸೆ ಕೊಟ್ಟ. ಇದು ಜಗತ್ತಿಗೆ ಗೊತ್ತಾದದ್ದು ಆತನ ಸಂಗಡ ಕ್ಯಾಮರಾವೂ ಬಂದಿದ್ದ ಕಾರಣದಿಂದ. ಅನಂತರದ ಕೆಲವೇ ದಿನಗಳಲ್ಲಿ ಸ್ರೆಬ್ರೆನಿತ್ಸಾದ 8,000ಕ್ಕೂ ಅಧಿಕ ಮುಸ್ಲಿಮ್ ಪುರುಷರನ್ನೂ ಬಾಲಕರನ್ನೂ ಕೊಲ್ಲಲಾಯಿತು. 1993ರಲ್ಲಿ ವಿಶ್ವಸಂಸ್ಥೆಯೇ 'ಸುರಕ್ಷಿತ ಪ್ರದೇಶ'ವೆಂದು ಸಾರಿದ್ದ ಪಟ್ಟಣವದು!

ಹತ್ಯಾಕಾಂಡವನ್ನು ತೆರೆಗೆ ತರುವವರು ಎದುರಿಸಬೇಕಾದುದು ಇಂಥ ಕ್ಯಾಮರಾವನ್ನೇ. ಬೋಸ್ನಿಯಾದ ನಿರ್ದೇಶಕಿ ಯಾಸ್ಮಿಲಾ ಜ್ಬಾನಿಚ್ 2020ರಲ್ಲಿ ತಯಾರಿಸಿದ 'ಕ್ವೋ ವಾಡಿಸ್, ಐದಾ?' ಚಿತ್ರದಲ್ಲಿ ಮ್ಲಾಡಿಚ್‌ನ ಕ್ಯಾಮರಾಮನ್ ಅವನ ಬೆನ್ನಿಗೇ ಇರುತ್ತಾನೆ. ಐದಾ ವಿಶ್ವಸಂಸ್ಥೆಯ ಶಿಬಿರದ ದುಭಾಷಿ. ಪತಿಯನ್ನೂ ಇಬ್ಬರು ಪುತ್ರರನ್ನೂ ಉಳಿಸಿಕೊಳ್ಳಲು ಆಕೆ ಡಚ್ ಅಧಿಕಾರಿಗಳನ್ನು ಅಂಗಲಾಚುತ್ತಾಳೆ. ಅವರ ಸುಳ್ಳು ಭರವಸೆಗಳನ್ನು ತನ್ನವರಿಗೆ ತಾನೇ ಅನುವಾದಿಸಿ ಹೇಳಬೇಕಾದ ಆಕೆಯ ಸಂಕಟವೇ ಚಿತ್ರದ ಜೀವಾಳ.

ಕೊಲೆಯನ್ನು ಚಿತ್ರ ತೋರಿಸುವುದಿಲ್ಲ. ಪುರುಷರನ್ನು ಸಭಾಂಗಣವೊಂದಕ್ಕೆ ತುಂಬುತ್ತಾರೆ, ಬಂದೂಕಿನ ನಳಿಗೆಗಳು ಇಣುಕುತ್ತವೆ. ಬಳಿಕ ಹೊರಗೆ ನಿಂತ ನಮಗೆ ಕೇಳುವುದು ಸದ್ದು ಮಾತ್ರ. ಪಿಲಿತ್ಸಾದ ಸಾಂಸ್ಕೃತಿಕ ಭವನದಲ್ಲಿ 1995ರ ಜುಲೈ 16ರಂದು ಸುಮಾರು 500 ಮಂದಿಯನ್ನು ಹೀಗೆಯೇ ಕೊಲ್ಲಲಾಗಿತ್ತು.

ತೋರಿಸದಿದ್ದರೆ ನಿರಾಕರಿಸುವವರಿಗೆ ಅನುಕೂಲವಲ್ಲವೇ ಎಂಬ ಆಕ್ಷೇಪ ಹಗುರವಾದುದಲ್ಲ. 'ಸ್ಕಾರ್ಪಿಯನ್ಸ್' ಎಂಬ ಸರ್ಬ್ ಪಡೆ ಆರು ಮಂದಿಯನ್ನು ಕೊಂದು ತಾನೇ ಚಿತ್ರೀಕರಿಸಿದ ದೃಶ್ಯಗಳು 2005ರಲ್ಲಿ ಮಿಲೊಸೆವಿಚ್ ವಿಚಾರಣೆಯ ವೇಳೆ ಪ್ರದರ್ಶಿತವಾದಾಗಲೇ ಸರ್ಬಿಯಾದ ಅನೇಕರು ಬೆಚ್ಚಿಬಿದ್ದರು. ಆದರೆ ಅದು ಸಾಕ್ಷ್ಯ. ನಟರಿಗೆ ಕೆಂಪು ಬಣ್ಣ ಬಳಿದು ತೋರಿಸುವ ಕೊಲೆ ಸಾಕ್ಷ್ಯವಾಗದು, ಹೆಚ್ಚೆಂದರೆ ರೋಮಾಂಚನವಾದೀತು. ಕ್ಲಾಡ್ ಲಾಂಜ್‌ಮನ್ 1985ರಲ್ಲಿ ಯಹೂದಿ ನರಮೇಧದ ಕುರಿತು ಒಂಬತ್ತು ಗಂಟೆಗೂ ದೀರ್ಘವಾದ 'ಶೋವಾ' ಮಾಡಿದಾಗ ಹಳೆಯ ದೃಶ್ಯಗಳನ್ನೇ ಬಳಸಲಿಲ್ಲ, ಬದುಕುಳಿದವರನ್ನು ಮಾತನಾಡಿಸಿದರು. ಇದೇ ಸರಿಯಾದ ದಾರಿಯೆಂಬುದು ನಮ್ಮ ಅಭಿಪ್ರಾಯ.

ನಮ್ಮ ದೇಶದಲ್ಲಾದರೋ, ಹೇಗೆ ತೋರಿಸಬೇಕೆಂಬ ಚರ್ಚೆಗೂ ಮುನ್ನ ತೋರಿಸಲು ಬಿಡುತ್ತಾರೆಯೇ ಎಂಬ ಪ್ರಶ್ನೆ ಏಳುತ್ತದೆ. 2002ರ ಗುಜರಾತ್ ಕುರಿತ ರಾಕೇಶ್ ಶರ್ಮಾರ 'ಫೈನಲ್ ಸೊಲ್ಯೂಶನ್' 2004ರಲ್ಲಿ ಕೆಲಕಾಲ ಸೆನ್ಸಾರ್ ನಿಷೇಧಕ್ಕೊಳಗಾಯಿತು. ರಾಹುಲ್ ಧೋಲಾಕಿಯಾರ 'ಪರ್ಝಾನಿಯಾ'ವನ್ನು 2007ರಲ್ಲಿ ಗುಜರಾತಿನ ಚಿತ್ರಮಂದಿರಗಳ ಮಾಲಕರು ಪ್ರದರ್ಶಿಸಲಿಲ್ಲ. ಸಿನಿಮಾ ಎಂದೊಡನೆ ಮೂಗು ಮುರಿಯುವ ನಮ್ಮ ಓದುಗರು ಇದನ್ನು ಗಮನಿಸಬೇಕು: ನಮ್ಮ ನೋವಿನ ಈ ಎರಡು ಕಥನಗಳಿಗಾಗಿ ಹೋರಾಡಿದವರು ಅನ್ಯರು.

ಚಿತ್ರದ ಕೊನೆಯಲ್ಲಿ ಐದಾ ಸ್ರೆಬ್ರೆನಿತ್ಸಾಕ್ಕೆ ಮರಳಿ ಮತ್ತೆ ಶಿಕ್ಷಕಿಯಾಗುತ್ತಾಳೆ. ಶಾಲೆಯ ಸಮಾರಂಭದಲ್ಲಿ ಮಕ್ಕಳು ಅಂಗೈಗಳಿಂದ ಕಣ್ಣು ಮುಚ್ಚಿ ತೆರೆದು ಅಭಿನಯಿಸುತ್ತಾರೆ. ನೋಡುತ್ತಾ ಕುಳಿತ ಹೆತ್ತವರ ನಡುವೆ ಅಂದು ಬಂದೂಕು ಹಿಡಿದಿದ್ದವರೂ ಇದ್ದಾರೆ.